ಕಬ್ಬನ್ ರೀಡ್ಸ್: ಮಾತಾಡ್ದೇನೂ ಜೊತೆಗಿರೋಕೆ ಒಂದು ಜಾಗ, ಅದೂ ಫ್ರೀ

ಒಂಟಿ ರೂಮಲ್ಲಿ ಕೂತು ವರ್ಕ್ ಫ್ರಮ್ ಹೋಮ್ ಮಾಡೋರಿಗೆ, ವೀಕೆಂಡ್ ಪೂರ್ತಿ ಡೆಲಿವರಿ ಹುಡುಗನಿಗೆ ಓಟಿಪಿ ಹೇಳೋದು ಬಿಟ್ರೆ ಬಾಯೇ ಬಿಡದೇ ಇರೋರಿಗೆ ಈ ರಿವ್ಯೂ. ಬೆಂಗಳೂರಿನ ಕಬ್ಬನ್ ಪಾರ್ಕಲ್ಲಿ ಶನಿವಾರ ಬೆಳಗ್ಗೆ ಒಟ್ಟಿಗೆ ಕೂತು ಅವರವರ ಪುಸ್ತಕ ಸುಮ್ನೆ ಓದೋ ಗುಂಪು, ಕಬ್ಬನ್ ರೀಡ್ಸ್, ಅದ್ರ ಬಗ್ಗೆ ಕೇಳಿರ್ತೀರ, ರೀಲ್ಸಲ್ಲಿ ನೋಡಿರ್ತೀರ, ಓದೋಕೆ ಅಲ್ಲೀ ತನಕ ಯಾಕೆ ಹೋಗ್ಬೇಕಪ್ಪಾ ಅಂತ ನಕ್ಕೂ ಇರ್ತೀರ. ಓದೋಕೆ ಅಂತ ಹೋಗ್ಬೇಡಿ ಅಂತಾನೇ ನಾನೂ ಹೇಳೋದು. ನಾಲ್ಕು ಜನರ ಮಧ್ಯೆ ಸುಮ್ನೆ ಕೂತ್ಕೊಳೋಕೆ ಹೋಗಿ, ಪುಸ್ತಕ ಬರೀ ನೆಪ.

2022 ಮುಗಿದು 2023 ಶುರುವಾಗೋ ಹೊತ್ತಲ್ಲಿ ಹರ್ಷ್ ಸ್ನೇಹಾಂಶು, ಶ್ರುತಿ ಸಾಹ್ ಅನ್ನೋ ಇಬ್ರು ಶುರು ಮಾಡಿದ್ದು ಇದು, ಈಗ ದೇಶದ ಬೇರೆ ಬೇರೆ ಊರಲ್ಲಿ, ಫಾರಿನ್ನಲ್ಲೂ ಇದನ್ನೇ ನೋಡಿ ಪಾರ್ಕಲ್ಲಿ ಕೂತು ಓದ್ತಾರೆ. ಫೀಸ್ ಇಲ್ಲ, ರಿಜಿಸ್ಟ್ರೇಷನ್ ಇಲ್ಲ, ಲೇಟಾಗಿ ಬಂದ್ರೂ ಬೇಗ ಎದ್ದು ಹೋದ್ರೂ ಕೇಳೋರಿಲ್ಲ. ಎಲ್ಲಕ್ಕಿಂತ ದೊಡ್ಡ ವಿಷ್ಯ, ನಿಮ್ಮ ಪರಿಚಯ ಮಾಡ್ಕೊಳಿ ಅಂತ ಎಬ್ಬಿಸಿ ನಿಲ್ಸಲ್ಲ. ಇದಕ್ಕೆ ಮುಂಚೆ ದುಡ್ಡು ಕೊಟ್ಟು ಒಂದು ಮೀಟಪ್‌ಗೆ ಹೋಗಿದ್ದೆ, ಹೆಸರು ಬೇಡ ಬಿಡಿ, ಹೋದ ತಕ್ಷಣ ಕೈಗೊಂದು ಚೀಟಿ ಕೊಟ್ಟು ಮುಖ ಪರಿಚಯ ಇಲ್ದಿರೋರ ಮುಂದೆ ನಿಮ್ಮ ಚಿಕ್ಕಂದಿನ ಭಯ ಹೇಳಿ ಅಂದ್ರು, ಆಮೇಲೆ ಬಲೂನ್ ಒಡೆಯೋ ಆಟ ಬೇರೆ, ಮನೆಗೆ ಬಂದ್ಮೇಲೆ ಅಮ್ಮನ ಫೋನೂ ಎತ್ತೋಕೆ ಮನಸ್ಸಾಗ್ಲಿಲ್ಲ ಅಷ್ಟು ಸುಸ್ತು. ಇಲ್ಲಿ ಆ ಕಾಟ ಇಲ್ಲ. ಚಾಪೆ ಹಾಸ್ಕೊಳಿ, ಬಿದ್ಕೊಳಿ, ಓದಿ. ನಿದ್ದೆ ಬಂದ್ರೆ ಪುಸ್ತಕಾನೇ ಮುಖದ ಮೇಲೆ ಮುಚ್ಕೊಂಡು ಮಲ್ಗೋರೂ ಇದಾರೆ, ಡ್ರಾಯಿಂಗ್ ಮಾಡ್ತಾ ಕೂರೋರೂ ಇದಾರೆ.

ನಾನು ಕೂರೋ ಮರದ ಹತ್ರಾನೇ ಒಬ್ರು ಯಜಮಾನ್ರು ಬರ್ತಾರೆ, ಬಿಳಿ ಪಂಚೆ, ಬಟ್ಟೆ ಚೀಲ, ಅದ್ರೊಳಗೆ ಹಳೇ ಸುಧಾ ಸಂಚಿಕೆ. ಮೊದ್ಲು ಪದಬಂಧದ ಪುಟ ತೆಗೀತಾರೆ, ಪೆನ್ಸಿಲ್ ನಾಲಿಗೆಗೆ ಮುಟ್ಟಿಸ್ಕೊಂಡು ಒಂದೊಂದೇ ಮನೆ ತುಂಬ್ತಾರೆ. ಅದು ಮುಗಿದ ಮೇಲೆ ಕಿತ್ತಳೆ ಸುಲಿದು, ನಾರು ಬಿಡಿಸಿ, ಪಕ್ಕದ ಚಾಪೆಯವ್ರಿಗೆಲ್ಲ ತೊಳೆ ಚಾಚ್ತಾರೆ, ಒಂದು ಮಾತಿಲ್ಲ. ತಗೊಂಡೋರು ತಲೆ ಆಡಿಸಿ ತಿಂತಾರೆ. ಅವ್ರ ಹೆಸರು ನಂಗೆ ಇವತ್ತಿಗೂ ಗೊತ್ತಿಲ್ಲ, ಆದ್ರೆ ಅವ್ರು ಬರದೇ ಇದ್ದ ವಾರ ಗೇಟ್ ಕಡೆ ಕಣ್ಣು ಹೋಗ್ತಾನೇ ಇರತ್ತೆ.

2023ರಲ್ಲೇ ಅಮೆರಿಕದ ಸರ್ಜನ್ ಜನರಲ್, ಅಂದ್ರೆ ಜನರ ಆರೋಗ್ಯದ ಬಗ್ಗೆ ಸಲಹೆ ಕೊಡೋ ಸರ್ಕಾರದ ದೊಡ್ಡ ಡಾಕ್ಟ್ರು, ಆಗಿದ್ದ ವಿವೇಕ್ ಮೂರ್ತಿ, ನಮ್ ಮಂಡ್ಯದ ಹಲ್ಲೆಗೆರೆ ಮೂಲದವ್ರು ಕಣ್ರೀ, ಒಂಟಿತನದ ಮೇಲೆ ಒಂದು ವರದಿ ಬಿಟ್ಟಿದ್ರು, ಜನರ ಜೊತೆ ನಂಟಿಲ್ದೇ ಬದುಕೋದು ದಿನಕ್ಕೆ 15 ಸಿಗರೇಟ್ ಸೇದಿದಷ್ಟು ಆಯಸ್ಸಿಗೆ ಕುತ್ತು ಅಂತ. ಓದಿದಾಗ ಸ್ವಲ್ಪ ಓವರ್ ಆಯ್ತು ಅನ್ಸಿತ್ತು. ಈಗ ಶನಿವಾರ ತಪ್ಪಿದ್ರೆ ಸೋಮವಾರದ ಮೀಟಿಂಗಲ್ಲಿ ನಾನು ಎಷ್ಟು ಸಿಡಿಸಿಡಿ ಅಂತೀನಿ ಅಂತ ಟೀಮಿನವ್ರೇ ಹೇಳ್ತಾರೆ, ಹಂಗಾಗಿ ಮೂರ್ತಿಯವ್ರ ಮಾತು ತಳ್ಳಿಹಾಕೋ ಹಂಗಿಲ್ಲ.

ಇಷ್ಟ ಆಗದೇ ಇರೋದೂ ಇದೆ. ಕನ್ನಡ ಪುಸ್ತಕ ಹಿಡ್ಕೊಂಡೋರು ನಂಗೆ ಕಂಡಿದ್ದು ಕಮ್ಮಿ, ಪಾರ್ಕಲ್ಲೇ ಸೆಂಟ್ರಲ್ ಲೈಬ್ರರಿಯ ಕೆಂಪು ಕಟ್ಟಡ ಇಟ್ಕೊಂಡು ಹಿಂಗಾದ್ರೆ ಹೊಟ್ಟೆ ಉರಿಯತ್ತೆ, ನೀವಾದ್ರೂ ಒಂದು ತನ್ನಿ. ಕೊನೇಲಿ ಪುಸ್ತಕ ಎಲ್ಲ ಜೋಡಿಸಿ ಫೋಟೋ ತೆಗೆಯೋ ಶಾಸ್ತ್ರ ಇದೆ, ಬರೀ ಅದಕ್ಕೇ ಬರೋ ಗುಂಪೂ ಇದೆ. ಮತ್ತೆ ಒಂದೇ ಸಲ ಹೋಗಿ ಫ್ರೆಂಡ್ಸ್ ಸಿಗ್ಲಿಲ್ಲ ಅಂತ ಬೈಬೇಡಿ, ಇಲ್ಲಿ ಮುಖ ಪರಿಚಯ ಆಗೋಕೇ ಟೈಮ್ ಬೇಕು.

ಇನ್ನೊಂದು, ನಿದ್ದೆನೇ ಬರ್ತಿಲ್ಲ, ಏನೂ ಬೇಡ ಅನ್ಸ್ತಿದೆ, ಬದುಕೇ ಸಾಕು ಅನ್ಸ್ತಿದೆ ಅನ್ನೋ ಹಂತದಲ್ಲಿದ್ರೆ ಶನಿವಾರದ ತನಕ ಕಾಯ್ಬೇಡಿ. 14416ಗೆ ಫೋನ್ ಮಾಡಿ, ಅದು ಮನಸ್ಸಿನ ಆರೋಗ್ಯಕ್ಕೆ ಅಂತ ಇರೋ ಸರ್ಕಾರದ ಸಹಾಯವಾಣಿ ಟೆಲಿ ಮಾನಸ್, 2022ರಲ್ಲಿ ಶುರುವಾಗಿದ್ದು, ನಮ್ ನಿಮ್ಹಾನ್ಸೇ ಅದಕ್ಕೆ ಮುಖ್ಯ ಕೇಂದ್ರ, 24 ಗಂಟೆ ಇರತ್ತೆ, ಕನ್ನಡದಲ್ಲೇ ಮಾತಾಡ್ಬಹುದು, ದುಡ್ಡಿಲ್ಲ. ಪಾರ್ಕು ಪುಸ್ತಕ ಎಲ್ಲ ದಿನನಿತ್ಯದ ಬೇಜಾರಿಗೆ ಮಾತ್ರ, ಡಾಕ್ಟ್ರ ಬದಲಿಗೆ ಅಲ್ಲ.

5ಕ್ಕೆ 4 ಕೊಡ್ತೀನಿ. ಗಾಡಿ ತರ್ಬೇಡಿ, ಪಾರ್ಕಿಂಗ್ ಹುಡುಕೋದ್ರಲ್ಲೇ ಬಂದಿರೋ ನೆಮ್ಮದಿ ಹೋಗತ್ತೆ, ಮೆಟ್ರೋ ಪರ್ಪಲ್ ಲೈನಲ್ಲಿ ಕಬ್ಬನ್ ಪಾರ್ಕ್ ಸ್ಟೇಷನ್ನಲ್ಲಿ ಇಳೀರಿ. ದಪ್ಪ ಚಾಪೆನೇ ಇರ್ಲಿ, ಕೆಂಜಿರುವೆ ಕಾಟ ಇದೆ. ಮಳೆಗಾಲ ಆದ್ರೆ ಹೊರಡೋ ಮುಂಚೆ ಕಬ್ಬನ್ ರೀಡ್ಸ್‌ನವ್ರ ಇನ್‌ಸ್ಟಾಗ್ರಾಂ ಒಂದ್ಸಲ ನೋಡ್ಕೊಳಿ.