ಗಾಳಿಯಲ್ಲಿ ತೇಲಿದ ಬಿಲ್ಲಿ: ಹಳೆ ಫೋಟೋ ಪ್ರಿಂಟ್ ತರಿಸಿದ ಕಥೆ

"ಆಂಟಿ, ಆ ಡಬ್ಬಿ ಯಾಕೆ ಗಾಳೀಲಿ ನಿಂತಿದೆ?"

ಊಟಕ್ಕೆ ಬಂದಿದ್ದ ಗೆಳತಿಯ ಎಂಟು ವರ್ಷದ ಮಗಳು ಹೀಗೆ ಕೇಳಿದಾಗಲೇ ನನಗೆ ಗೊತ್ತಾಗಿದ್ದು. ಅಡುಗೆಮನೆ ಗೋಡೆಗೆ ಆ ಫೋಟೋ ತೂಗುಹಾಕಿ ನಾಲ್ಕು ದಿನ ಆಗಿತ್ತು. ದಿನಾ ಬೆಳಗ್ಗೆ ಕಾಫಿ ಹಿಡ್ಕೊಂಡು ಅದನ್ನೇ ನೋಡುತ್ತಿದ್ದೆ. ಕಣ್ಣಿಗೆ ಬಿದ್ದಿರಲಿಲ್ಲ ಅಷ್ಟೇ.

ವಿಷಯ ಏನಂದ್ರೆ, ಇಲ್ಲಿ ಮೆಲ್ಬರ್ನ್‌ನಲ್ಲಿ ಹಳೆ ಆಸ್ಟ್ರೇಲಿಯಾದ ಫೋಟೋಗಳನ್ನು ದೊಡ್ಡದಾಗಿ ಪ್ರಿಂಟ್ ಹಾಕಿ, ಫ್ರೇಮ್ ಕಟ್ಟಿ ಮನೆಗೆ ಕಳಿಸುವ ಅಂಗಡಿಯೊಂದಿದೆ. ಹೆಸರು ಬೇಡ. ಬ್ರಿಟಿಷ್ ವಸಾಹತು ಕಾಲದ ಬುಷ್ ಬದುಕಿನ, ಅಂದ್ರೆ ಕಾಡುಮೇಡಿನ ಬದುಕಿನ ಚಿತ್ರಗಳು ಅವರ ಹತ್ತಿರ ಬೇಕಾದಷ್ಟಿವೆ. ಕಾಡಿನ ಗುಡಿಸಲು, ಕುರಿ ಕಾಯುವವರ ಬಿಡಾರ, ಬೆಂಕಿ ಸುತ್ತ ಕೂತ ಗಡ್ಡದ ಗಂಡಸರು. ನನಗೆ ಕ್ಯಾಂಪ್ ಅಡುಗೆಯ ಹುಚ್ಚು. ಬೇಸಿಗೆಯಲ್ಲಿ ಟೋಟಲ್ ಫೈರ್ ಬ್ಯಾನ್ ಬಂದ ದಿನ ಹೊರಗೆ ಬೆಂಕಿ ಹಚ್ಚುವ ಹಾಗಿಲ್ಲ. ಅದಕ್ಕೇ ಚಳಿಗಾಲದಲ್ಲಿ ಬೀಡುಕಬ್ಬಿಣದ ಕ್ಯಾಂಪ್ ಅವನ್ (ಬೆಂಕಿಯಲ್ಲಿಟ್ಟು ಬೇಯಿಸುವ ಮುಚ್ಚಳದ ಪಾತ್ರೆ) ಕಾರಿಗೆ ಹಾಕಿಕೊಂಡು ಗಿಪ್ಸ್‌ಲ್ಯಾಂಡ್ ಕಡೆ ಹೊರಟುಬಿಡುತ್ತೇನೆ. ಇಂಥವಳು ಈ ಅಂಗಡಿ ನೋಡಿ ಸುಮ್ನೆ ಇರೋಕಾಗುತ್ತಾ? 40 x 50 ಸೆಂ.ಮೀ. ಅಳತೆಯ ಎರಡು ಪ್ರಿಂಟ್ ತರಿಸಿದೆ. ಫ್ರೇಮ್ ಸೇರಿ ಒಂದಕ್ಕೆ 145 ಡಾಲರ್. ಎಂಟೇ ದಿನಕ್ಕೆ ಬಂತು. ಪ್ಯಾಕಿಂಗ್‌ನಲ್ಲಿ ತಪ್ಪು ಹುಡುಕುವಂತಿಲ್ಲ.

ಮೊದಲನೆಯದರಲ್ಲಿ ಮೂರು ಜನ ಗಂಡಸರು. ಹಿಂದೆ ಮರದ ತೊಗಟೆ ಹೊದಿಸಿದ ಗುಡಿಸಲು. ಮುಂದೆ ಎರಡು ಕವಲುಗೋಲು ನೆಟ್ಟು, ಅಡ್ಡ ಒಂದು ಕೋಲು ಇಟ್ಟಿದ್ದಾರೆ. ಅದಕ್ಕೆ ಬಿಲ್ಲಿ, ಅಂದ್ರೆ ತಂತಿ ಹಿಡಿಯ ತಗಡಿನ ಡಬ್ಬಿ, ಟೀಗೆ ನೇತಾಡಬೇಕು. ಪಕ್ಕದಲ್ಲಿ ಮೂರು ಕಾಲಿನ ಕ್ಯಾಂಪ್ ಅವನ್. ಸೈಟಿನಲ್ಲಿ "ಮೂಲಕ್ಕೆ ನಿಷ್ಠವಾದ ಪ್ರತಿ" ಅಂತ ಬರೆದಿದ್ದರು. ಬಂದದ್ದು ಮಾತ್ರ ಕಂಪ್ಯೂಟರ್ ಕೈಗೆ ಸಿಕ್ಕಿ ಸ್ನಾನ ಮಾಡಿದ ಪ್ರತಿ. ತಂತಿಯ ಹಿಡಿಯನ್ನು ಗೀರು ಅಂದುಕೊಂಡು ಅಳಿಸಿದೆ. ಬಿಲ್ಲಿ ಕೋಲಿನಿಂದ ನಾಲ್ಕು ಬೆರಳು ಕೆಳಗೆ, ಯಾವ ಆಸರೆಯೂ ಇಲ್ಲದೆ ತೇಲುತ್ತಿದೆ!

ಆ ಮೇಲೆ ನೋಡುತ್ತಾ ಹೋದಷ್ಟೂ ಹೊಟ್ಟೆ ಉರಿಯಿತು. ಕ್ಯಾಂಪ್ ಅವನ್‌ನ ಮುಚ್ಚಳ ಫಳಫಳ ಹೊಳೆಯುತ್ತಿದೆ. ಅಲ್ಲಾ ಸ್ವಾಮಿ, ಆ ಮುಚ್ಚಳಕ್ಕೆ ಸುತ್ತಲೂ ಅಂಚು ಇರೋದೇ ಮೇಲೆ ಕೆಂಡ ಹಾಕೋದಕ್ಕೆ. ಕೆಳಗಿಂದಲೂ ಕಾವು, ಮೇಲಿಂದಲೂ ಕಾವು. ಆಗಲೇ ಒಳಗಿನ ಡ್ಯಾಂಪರ್ ಬ್ರೆಡ್ ಎರಡೂ ಕಡೆ ಬೇಯುವುದು. ತಳಕ್ಕೆ ಬೆರಳಿಂದ ತಟ್ಟಿದರೆ ಟೊಳ್ಳು ಸದ್ದು ಬರಬೇಕು. ಮುಚ್ಚಳದ ಮೇಲಿದ್ದ ಕೆಂಡ, ಬೂದಿ ಎಲ್ಲವನ್ನೂ ಕೊಳೆ ಅಂತ ಒರೆಸಿಹಾಕಿದ್ದಾರೆ. ಉಳಿದದ್ದು ಖಾಲಿ ಪಾತ್ರೆ ಮುಂದೆ ಕೂತ ಮೂವರು.

ಬೆಂಕಿಗೆ ಬೇರೆ ಕಿತ್ತಳೆ ಬಣ್ಣ ಬಳಿದಿದ್ದಾರೆ, ದೀಪಾವಳಿ ಗ್ರೀಟಿಂಗ್ ಕಾರ್ಡಿನ ಹಾಗೆ. ಆ ಕಾಲದಲ್ಲಿ ಫಿಲ್ಮ್ ಬದಲು ಬಳಸುತ್ತಿದ್ದ ಗಾಜಿನ ಪ್ಲೇಟ್‌ಗಳಿಗೆ ಕೆಂಪು ಕಾಣುತ್ತಿದ್ದದ್ದೇ ಅಪರೂಪ. ನೀಲಿ ಬೆಳಕಿಗೆ ಅವು ಚುರುಕು, ಅದಕ್ಕೇ ಹಳೆ ಫೋಟೋಗಳಲ್ಲಿ ಆಕಾಶ ಬೆಳ್ಳಗೆ ಬೋಳಾಗಿರುತ್ತದೆ. ಕೆಂಡ ಮಾತ್ರ ಕಪ್ಪು. ಹಗಲಲ್ಲಿ ಬೆಂಕಿ ಉರಿಯುತ್ತಿದೆ ಅಂತ ಗೊತ್ತಾಗುವುದು ಮಸುಕು ಮಸುಕಾದ ಹೊಗೆಯಿಂದ. ಒಂದು ಫೋಟೋಗೆ ಹೊತ್ತು ಹಿಡಿಯುತ್ತಿತ್ತು, ಅದಕ್ಕೇ ಜನ ಅಲ್ಲಾಡದೆ ಕೂರುತ್ತಿದ್ದರು, ಹೊಗೆ ಯಾರ ಮಾತು ಕೇಳುತ್ತದೆ? ಆ ಹೊಗೆಯನ್ನೂ ಇವರು ಕಲೆ ಅಂತ ತೆಗೆದಿದ್ದಾರೆ.

ಎರಡನೆಯ ಪ್ರಿಂಟ್ ಪರವಾಗಿಲ್ಲ, ಚೆನ್ನಾಗಿಯೇ ಇದೆ. ಕಪ್ಪು ಬಿಳುಪು, ಕೈ ಹಾಕಿಲ್ಲ. ಗುಡಿಸಲ ಬಾಗಿಲಲ್ಲಿ ಒಬ್ಬ ಕುರಿ ಕಾಯುವವ, ಕಾಲ ಬಳಿ ಹಿಟ್ಟಿನ ಚೀಲ, ಎರಡು ತಲೆಯ ನಾಯಿ. (ಪಾಪ, ಅದು ತಲೆ ಆಡಿಸಿದೆ.) ಆ ಚೀಲವನ್ನೇ ನೋಡುತ್ತಾ ಕೂತೆ. ಸ್ಟೇಷನ್, ಅಂದ್ರೆ ಕುರಿ ದನ ಸಾಕುವ ದೊಡ್ಡ ಫಾರ್ಮ್, ಅದರ ಕೆಲಸದವರಿಗೆ ಕೊಡುತ್ತಿದ್ದ ವಾರದ ಪಡಿಗೆ "ಟೆನ್, ಟೆನ್, ಟೂ ಅಂಡ್ ಎ ಕ್ವಾರ್ಟರ್" ಅಂತಲೇ ಹೆಸರಿತ್ತು. 10 ಪೌಂಡ್ ಹಿಟ್ಟು, 10 ಪೌಂಡ್ ಮಾಂಸ, 2 ಪೌಂಡ್ ಸಕ್ಕರೆ, ಕಾಲು ಪೌಂಡ್ ಟೀ. ತರಕಾರಿಯ ಸುದ್ದಿಯೇ ಇಲ್ಲ. ದಿನಾ ಅದೇ ಹಿಟ್ಟು, ನೀರು, ಉಪ್ಪು ಕಲಸಿ ಬೂದಿಯಲ್ಲಿ ಹೂತು ಬೇಯಿಸಿಕೊಂಡು ತಿನ್ನಬೇಕು. ನಾನು ವಾರಾಂತ್ಯಕ್ಕೆ ಮೋಜಿಗೆ ಮಾಡುವ ಡ್ಯಾಂಪರ್ ಅವನಿಗೆ ಮೂರು ಹೊತ್ತಿನ ಊಟ.

ಅಂಗಡಿಗೆ ಫೋನ್ ಮಾಡಿದೆ. ಮೊದಲು "ಮನಸ್ಸು ಬದಲಾಯಿಸಿದರೆ ದುಡ್ಡು ವಾಪಸ್ ಇಲ್ಲ" ಅಂದರು. ಮನಸ್ಸಿನ ಮಾತಲ್ಲ, ಹೇಳಿದ್ದು ಒಂದು ಕಳಿಸಿದ್ದು ಇನ್ನೊಂದು ಅಂದೆ. ಆಸ್ಟ್ರೇಲಿಯಾದ ಗ್ರಾಹಕ ಕಾನೂನಿನ ಪ್ರಕಾರ ಸಾಮಾನು ವಿವರಣೆಗೆ ಹೊಂದಲೇಬೇಕು. ಎರಡು ಇಮೇಲ್ ಆದ ಮೇಲೆ ಮೊದಲನೆಯದರ ದುಡ್ಡು ಪೂರ್ತಿ ಬಂತು. ಪ್ರಿಂಟ್ ನೀವೇ ಇಟ್ಕೊಳ್ಳಿ ಅಂದರು. ಮಾತಾಡಿದ ಹುಡುಗ ಮಾತ್ರ ಮರ್ಯಾದಸ್ಥ.

ಇನ್ನೊಂದು ತಕರಾರು ಇದೆ, ಇದಕ್ಕೆ ರಿಫಂಡ್ ಇಲ್ಲ. ಅವರ "ಕ್ಯಾಂಪ್ ಬದುಕು" ವಿಭಾಗದಲ್ಲಿ ಮೂಲನಿವಾಸಿಗಳ ಒಂದು ಫೋಟೋ ಇದೆ. 1870ರ ದಶಕದಲ್ಲಿ ಫೋಟೋಗ್ರಾಫರ್ ಜೆ. ಡಬ್ಲ್ಯೂ. ಲಿಂಟ್ ಗ್ರಾಫ್ಟನ್‌ನ ತನ್ನ ಸ್ಟುಡಿಯೋದಲ್ಲಿ ತೆಗೆಯುತ್ತಿದ್ದ ರೀತಿಯದು. ಹಿಂದಿನ ಕಾಡು ಬಣ್ಣ ಬಳಿದ ಪರದೆ, ಮುಂದಿನ ಗಿಡ ಬಳ್ಳಿ ಒಳಗೆ ತಂದಿಟ್ಟದ್ದು. ಅದನ್ನು ಕ್ಯಾಂಪ್ ಅಂತ ಮಾರುವುದು ತಪ್ಪಲ್ವಾ? ಒಂದು ಸಾಲಿನ ವಿವರಣೆಯೂ ಇಲ್ಲ.

ಈಗ ಕೆಲಸಕ್ಕೆ ಬರುವ ಮಾತು. ಇಂಥ ಫೋಟೋಗಳಿಗೆ ಇಷ್ಟು ದುಡ್ಡು ಕೊಡಬೇಕಾಗಿಯೇ ಇಲ್ಲ. ಆಸ್ಟ್ರೇಲಿಯಾದಲ್ಲಿ 1955ಕ್ಕಿಂತ ಮುಂಚೆ ತೆಗೆದ ಫೋಟೋಗಳಿಗೆ ಕಾಪಿರೈಟ್ ಮುಗಿದಿದೆ. ನ್ಯಾಷನಲ್ ಲೈಬ್ರರಿಯ ಆನ್‌ಲೈನ್ ಸಂಗ್ರಹ ಟ್ರೋವ್‌ನಲ್ಲಿ ಪುಕ್ಕಟೆ ಹುಡುಕಬಹುದು. ಸ್ಟೇಟ್ ಲೈಬ್ರರಿ ಆಫ್ ನ್ಯೂ ಸೌತ್ ವೇಲ್ಸ್‌ನ ಹೋಲ್ಟರ್‌ಮನ್ ಸಂಗ್ರಹವನ್ನಂತೂ ನೋಡಲೇಬೇಕು. ಬೋಫಾಯ್ ಮರ್ಲಿನ್, ಚಾರ್ಲ್ಸ್ ಬೇಲಿಸ್ ಇಬ್ಬರೂ 1872ರ ಹೊತ್ತಿಗೆ ಹಿಲ್ ಎಂಡ್, ಗಲ್‌ಗಾಂಗ್ ಚಿನ್ನದ ಊರುಗಳಲ್ಲಿ ತೆಗೆದವು. ಪ್ಲೇಟ್ ಒದ್ದೆ ಇರುವಾಗಲೇ ಫೋಟೋ ತೆಗೆದು ಅಲ್ಲೇ ತೊಳೆಯಬೇಕಿತ್ತು, ಹಾಗಾಗಿ ಕತ್ತಲೆ ಕೋಣೆ ಜೊತೆಯಲ್ಲೇ ಇರಬೇಕು. ಸುಮಾರು 3,500 ಗಾಜಿನ ನೆಗೆಟಿವ್ ಸಿಡ್ನಿಯ ಚಾಟ್ಸ್‌ವುಡ್‌ನಲ್ಲಿ ಒಂದು ಮನೆಯ ಹಿತ್ತಲ ಶೆಡ್ಡಿನಲ್ಲಿ ಬಿದ್ದಿದ್ದವು, 1951ರಲ್ಲಿ ಸಿಕ್ಕವು. ದೊಡ್ಡದು ಮಾಡಿ ನೋಡಿ, ಅಂಗಡಿ ಬೋರ್ಡಿನ ಅಕ್ಷರ ಓದಬಹುದು, ತೊಗಟೆ ಗುಡಿಸಲ ಮುಂದೆ ಗಂಭೀರವಾಗಿ ನಿಂತವರ ಕೋಟಿನ ಗುಂಡಿ ಎಣಿಸಬಹುದು.

ನಾನು ಒಂದನ್ನು ಇಳಿಸಿಕೊಂಡು ಹತ್ತಿರದ ಪ್ರಿಂಟ್ ಅಂಗಡಿಯಲ್ಲಿ ಹಾಕಿಸಿದೆ. 22 ಡಾಲರ್. ಗೀರು, ಕಲೆ, ಮೂಲೆಯಲ್ಲಿ ಒಡೆದ ಗಾಜಿನ ಗೆರೆ, ಎಲ್ಲಾ ಹಾಗೇ ಇದೆ. ಬಣ್ಣದ ಪ್ರಿಂಟನ್ನು ಕಿತ್ತು ಅದೇ ಫ್ರೇಮಿಗೆ ಇದನ್ನು ಸೇರಿಸಿದೆ, ಸರಿಯಾಗಿ ಕೂತಿತು. ಫ್ರೇಮಿಗೆ ಐದಕ್ಕೆ ಐದು ಕೊಡುತ್ತೇನೆ. ಅಂಗಡಿಗೆ ಎರಡು. ತೇಲುವ ಬಿಲ್ಲಿ ಈಗ ಗೆಳತಿಯ ಮಗಳ ಕೋಣೆಯಲ್ಲಿದೆ. ಅವಳು ಸ್ಕೆಚ್ ಪೆನ್‌ನಲ್ಲಿ ಅದಕ್ಕೆ ಹಿಡಿ ಬರೆದಿದ್ದಾಳಂತೆ.