ಕಟಾಡಿನ್, ಡಾರ್ಪರ್, ಸೇಂಟ್ ಕ್ರಾಯ್: ಮೂರನ್ನೂ ಸಾಕಿ ಮಾರಿದ ಮೇಲೆ

ಹುಲ್ಲುಗಾವಲು ಚಿಕ್ಕದು, ಹುಲ್ಲೇ ಮುಖ್ಯ ಮೇವು, ಕೆಲಸಕ್ಕೆ ಮನೆಯವರು ಬಿಟ್ಟರೆ ಯಾರೂ ಇಲ್ಲ ಅನ್ನುವವರು ಕಟಾಡಿನ್ ತಗೊಳ್ಳಿ. ಮಾಂಸದ ಕುರಿಯ ಈ ಮೂರೂ ತಳಿಗಳನ್ನು ಒಂದೇ ಬೇಲಿಯೊಳಗೆ ಸಾಕಿ, ಮೂರನ್ನೂ ಮಾರಿ ನೋಡಿಯೇ ಈ ಮಾತು ಹೇಳುತ್ತಿದ್ದೇನೆ. ಉಣ್ಣೆ ಕತ್ತರಿಸುವ ಗೋಜಿಲ್ಲ, ಕೂದಲು ತಾನಾಗಿ ಉದುರುತ್ತದೆ ಅನ್ನುವುದು ಮೂರಕ್ಕೂ ಸಲ್ಲುವ ಮಾತು. ಡಾರ್ಪರ್‌ಗಳಲ್ಲಿ ಕೆಲವಕ್ಕೆ ಮಾತ್ರ ಬೆನ್ನ ಮೇಲೆ ಒಂದಿಷ್ಟು ಉಣ್ಣೆ ಹಾಗೇ ಉಳಿದುಬಿಡುತ್ತದೆ.

ಕಣ್ಣಿಗೆ ಬೀಳುವುದು ಡಾರ್ಪರ್ರೇ. ಬಿಳಿ ಮೈ, ಕಪ್ಪು ತಲೆ, ಅಗಲವಾದ ಎದೆ, ತುಂಬಿದ ತೊಡೆ. ಕೊಳ್ಳಲು ಬಂದವರು ಮೊದಲು ಕೈಯಿಡುವುದು ಅದರ ಬೆನ್ನ ಮೇಲೆ. ಒಳ್ಳೆ ಮೇವು ಸಿಕ್ಕರೆ ಮರಿ ಮೂರೂವರೆ, ನಾಲ್ಕು ತಿಂಗಳಿಗೆ 36 ಕೆ.ಜಿ. ಮುಟ್ಟುತ್ತದೆ. ಬೆಳವಣಿಗೆಯ ಲೆಕ್ಕದಲ್ಲಿ ಉಳಿದೆರಡು ತಳಿ ಅದಕ್ಕಿಂತ ಹಿಂದೆ. ಆದರೆ ಅದು ದಕ್ಷಿಣ ಆಫ್ರಿಕಾದ ಒಣ ಪ್ರದೇಶಗಳಿಗೆಂದು 1930ರ ದಶಕದಲ್ಲಿ ಡಾರ್ಸೆಟ್ ಹಾರ್ನ್ ಮತ್ತು ಕಪ್ಪು ತಲೆಯ ಪರ್ಷಿಯನ್ ಕುರಿಗಳನ್ನು ಕೂಡಿಸಿ ಬೆಳೆಸಿದ ತಳಿ. ತೇವದ ಹುಲ್ಲಿಗೆ ಬಿಟ್ಟಾಗ ತೊಂದರೆ ಶುರುವಾಗುತ್ತದೆ.

ತೊಂದರೆಯ ಹೆಸರು ಹೀಮಾಂಕಸ್. ಕುರಿಯ ಹೊಟ್ಟೆಯೊಳಗೆ ಕೂತು ರಕ್ತ ಹೀರುವ ಹುಳು. ಒಂದು ಹೆಣ್ಣು ಹುಳು ದಿನಕ್ಕೆ 5,000ಕ್ಕಿಂತ ಜಾಸ್ತಿ ಮೊಟ್ಟೆ ಇಡಬಲ್ಲದು. ಮೊಟ್ಟೆ ಹಿಕ್ಕೆಯ ಜೊತೆ ನೆಲಕ್ಕೆ ಬೀಳುತ್ತದೆ. ಸೆಕೆಯೂ ತೇವವೂ ಒಟ್ಟಿಗೆ ಇದ್ದರೆ ಸುಮಾರು ಒಂದು ವಾರದೊಳಗೆ ಮರಿಹುಳುಗಳು ಹುಲ್ಲು ಹತ್ತಿ, ತಿನ್ನುವ ಕುರಿಗಾಗಿ ಕಾದಿರುತ್ತವೆ. ಹೆಚ್ಚಿನವು ಇರುವುದು ನೆಲದಿಂದ ನಾಲ್ಕೈದು ಸೆಂಟಿಮೀಟರ್ ಎತ್ತರದೊಳಗೆ. ಹುಲ್ಲನ್ನು ಬುಡದವರೆಗೆ ಮೇಯಿಸಿದಷ್ಟೂ ಹುಳು ಜಾಸ್ತಿ ಒಳಗೆ ಹೋಗುತ್ತದೆ.

ಈ ಹುಳುವಿನಿಂದ ಕುರಿಗೆ ಬೇಧಿ ಆಗುವುದಿಲ್ಲ, ಅದೇ ದೊಡ್ಡ ಕಿರಿಕಿರಿ. ಹಿಕ್ಕೆ ಗಟ್ಟಿಯಾಗಿ, ದುಂಡಗೆ ಚೆನ್ನಾಗಿಯೇ ಇರುತ್ತದೆ. ಮರಿ ಮೇಯುತ್ತಲೂ ಇರುತ್ತದೆ. ಗುಂಪು ಬೇಲಿ ದಾಟಿ ಹೊಸ ಹುಲ್ಲಿಗೆ ಓಡುವಾಗ ಒಂದು ಮರಿ ಹಿಂದೆ ಬೀಳುತ್ತದೆ, ಅಷ್ಟೇ ಗುರುತು. ಹಿಡಿದು ಕೆಳಗಿನ ಕಣ್ಣುರೆಪ್ಪೆ ಎಳೆದು ನೋಡಿದರೆ ಒಳಗೆ ಕೆಂಪೇ ಇಲ್ಲ, ಕಾಗದದ ಹಾಗೆ ಬಿಳುಪು. ಇನ್ನೂ ತಡವಾದರೆ ಗದ್ದದ ಕೆಳಗೆ ನೀರು ತುಂಬಿ ಊದಿಕೊಳ್ಳುತ್ತದೆ. ಬೆರಳಿಂದ ಒತ್ತಿದರೆ ಮೆತ್ತಗಿರುತ್ತದೆ. ನನ್ನ ಗುಂಪಿನಲ್ಲಿ ಈ ಸ್ಥಿತಿಗೆ ಬಂದದ್ದು ಹೆಚ್ಚಾಗಿ ಡಾರ್ಪರ್ ಮರಿಗಳೇ, ಅದೂ ಎಲ್ಲಕ್ಕಿಂತ ಚೆನ್ನಾಗಿ ತೂಕ ಬಂದಿದ್ದವು.

ಕಣ್ಣುರೆಪ್ಪೆ ನೋಡುವ ಈ ವಿಧಾನಕ್ಕೆ ಫಮಾಚ ಅನ್ನುತ್ತಾರೆ, ಅದೂ ದಕ್ಷಿಣ ಆಫ್ರಿಕಾದ್ದೇ. ಬಣ್ಣದ ಕಾರ್ಡಿನಲ್ಲಿ 1ರಿಂದ 5ರವರೆಗೆ ಅಂಕ ಇರುತ್ತದೆ. 1 ಅಂದರೆ ಒಳ್ಳೆ ಕೆಂಪು, 5 ಅಂದರೆ ಬಿಳುಪು. 4, 5 ಬಂದವಕ್ಕೆ ಔಷಧಿ ಕೊಡಲೇಬೇಕು. ಇಡೀ ಗುಂಪಿಗೆ ಸುಮ್ನೆ ಔಷಧಿ ಕುಡಿಸುತ್ತಾ ಹೋದರೆ ಔಷಧಿಗೆ ಬಗ್ಗದ ಹುಳುಗಳೇ ಉಳಿದುಕೊಳ್ಳುತ್ತವೆ. ಆಮೇಲೆ ಆ ಔಷಧಿ ಹಿಡಿಯುವುದಿಲ್ಲ. ಹಾಗಾಗಿ ಮಳೆ ಬೀಳುವಷ್ಟು ಕಾಲ ಪ್ರತಿಯೊಂದನ್ನೂ ಹಿಡಿದು, ಕಣ್ಣು ನೋಡಿ ಬರೆದಿಡಬೇಕು. ಡಾರ್ಪರ್ ಜಾಸ್ತಿ ಇದ್ದಾಗ ನಮ್ಮ ಬೆಳಗ್ಗೆಯೆಲ್ಲ ಇದರಲ್ಲೇ ಕಳೆಯುತ್ತಿತ್ತು. ಔಷಧಿ ಕುಡಿಸಿದ ಮರಿಯನ್ನು ಅದರ ಅಂಶ ಮೈಯಿಂದ ಹೋಗುವ ಅವಧಿ ಮುಗಿಯುವವರೆಗೆ ಮಾಂಸಕ್ಕೆ ಮಾರುವಂತಿಲ್ಲ. ಗಿರಾಕಿ ಬಾಗಿಲಿಗೆ ಬಂದಿರುತ್ತಾರೆ, ಮರಿ ಕೊಡಲಾಗುವುದಿಲ್ಲ.

ಸೇಂಟ್ ಕ್ರಾಯ್‌ಗೆ ಈ ಕಾಟ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಅದೇ ಹುಲ್ಲು, ಅದೇ ಮಳೆ, ಕಣ್ಣು ಮಾತ್ರ ಕೆಂಪಗೇ. ತಾಯಿ ಗುಣವೂ ಚೆನ್ನಾಗಿದೆ, ಅವಳಿ ಹಾಕಿದರೂ ಎರಡನ್ನೂ ಬಿಡದೆ ಸಾಕುತ್ತದೆ. ಆದರೆ ಮೈ ಚಿಕ್ಕದು, ಬೆಳವಣಿಗೆ ನಿಧಾನ. ತೂಕಕ್ಕೆ ಕೊಳ್ಳುವವರು ತಕ್ಕಡಿ ನೋಡುತ್ತಾರೆ, ಕಣ್ಣುರೆಪ್ಪೆ ನೋಡುವುದಿಲ್ಲ ಅಲ್ವಾ? ಮರಿ ತೂಕಕ್ಕೆ ಬರುವಷ್ಟರಲ್ಲಿ ಹುಲ್ಲು ಮುಗಿದು, ಒಣಮೇವು ಕೊಂಡು ಹಾಕಬೇಕಾಗುತ್ತದೆ. ಆ ಖರ್ಚಿನಲ್ಲಿ ಲಾಭವೆಲ್ಲ ಹೋಗುತ್ತದೆ.

ಕಟಾಡಿನ್ ನನಗೆ ಹಿಡಿಸಿದ್ದು ಇಲ್ಲೇ. ಅಮೆರಿಕದ ಮೇನ್ ರಾಜ್ಯದ ಮೈಕೆಲ್ ಪೀಲ್ 1957ರಲ್ಲಿ ಕೆರಿಬಿಯನ್ನಿನ ಸೇಂಟ್ ಕ್ರಾಯ್ ದ್ವೀಪದಿಂದ ಕುರಿ ತರಿಸಿ, ಮಾಂಸದ ತಳಿಗಳ ಜೊತೆ ಕೂಡಿಸಿ ಬೆಳೆಸಿದ ತಳಿ ಇದು. ಹುಳುವಿನ ವಿಷಯದಲ್ಲಿ ಸೇಂಟ್ ಕ್ರಾಯ್‌ಗೆ ಸ್ವಲ್ಪ ಕೆಳಗೆ, ತೂಕದಲ್ಲಿ ಅದಕ್ಕಿಂತ ಮೇಲೆ. ಅವಳಿ ಮರಿ ಸಾಮಾನ್ಯ. ಹಿಂಡಿ ಇಲ್ಲದೆ ಬರೀ ಹುಲ್ಲಿನಲ್ಲೂ ಮೈ ಹಿಡಿಯುತ್ತದೆ. ಒಂದೇ ಎಚ್ಚರ: ಎಲ್ಲ ಕಟಾಡಿನ್ ಒಂದೇ ಥರ ಇರುವುದಿಲ್ಲ. ಟಗರು ತರುವಾಗ ಅದರ ತಾಯಿಗೆ ಎಷ್ಟು ಸಲ ಜಂತಿನ ಔಷಧಿ ಕೊಟ್ಟಿದ್ದೀರಿ ಅಂತ ಕೇಳಿ. ಬರೆದಿಟ್ಟ ಪುಸ್ತಕ ತೆಗೆದು ತೋರಿಸುವವರ ಹತ್ತಿರವೇ ಕೊಳ್ಳಿ.

ಮಾರುವಾಗಲೂ ಆ ಪುಸ್ತಕವೇ ದುಡ್ಡು ತರುತ್ತದೆ. ಹುಟ್ಟಿದ ದಿನ, ಒಂಟಿಯೋ ಅವಳಿಯೋ, ತಿಂಗಳ ತೂಕ, ಕಣ್ಣಿನ ಅಂಕ, ಇಷ್ಟು ಬರೆದಿಟ್ಟ ಹೆಣ್ಣು ಮರಿಯನ್ನು ಸಾಕುವವರು ಹುಡುಕಿಕೊಂಡು ಬಂದು ತಗೊಳ್ಳುತ್ತಾರೆ, ಮಾಂಸದ ದರಕ್ಕಿಂತ ಮೇಲೆ ಕೊಡುತ್ತಾರೆ.

ಖನಿಜ ಮಿಶ್ರಣ ಯಾವ ತಳಿಗಾದರೂ ಕುರಿಯದ್ದೇ ಹಾಕಿ. ದನಕ್ಕೆ ಮಾಡಿದ್ದರಲ್ಲಿ ತಾಮ್ರ ಜಾಸ್ತಿ, ಕುರಿಗೆ ಅದು ವಿಷ.

ಮರಿಹುಳು ಹುಲ್ಲು ಹತ್ತುವ ಮೊದಲೇ ಗುಂಪು ಹೊಸ ಹುಲ್ಲಿಗೆ ಹೋಗಲೆಂದು, ನಾಲ್ಕು ದಿನ ದಾಟದಂತೆ ಬೇಲಿಯ ಬಲೆ ಕಿತ್ತು ಮುಂದಕ್ಕೆ ನೆಡುವುದು ನನ್ನ ರೂಢಿ. ಹಿಂಡಿಗೆ ಸುರಿಯುವಷ್ಟು ದುಡ್ಡು ನನ್ನ ಹತ್ತಿರ ಇಲ್ಲ. ಒಣ ಜಾಗ, ಕೈತುಂಬ ಮೇವು ಇರುವವರು ಡಾರ್ಪರ್ ಇಟ್ಟುಕೊಳ್ಳಲಿ, ಬೇಗ ದುಡ್ಡು ನೋಡುತ್ತಾರೆ. ನಾನು ಇಟ್ಟುಕೊಂಡಿರುವುದು ಒಂದು ಡಾರ್ಪರ್ ಟಗರು ಮಾತ್ರ. ವಯಸ್ಸಾದ ಕಟಾಡಿನ್ ಕುರಿಗಳ ಜೊತೆ ಅದನ್ನು ಬಿಡುತ್ತೇನೆ, ಆ ಮರಿಗಳೆಲ್ಲ ತೂಕಕ್ಕೆ ಹೋಗುತ್ತವೆ. ಗುಂಪಿಗೆ ಉಳಿಸಿಕೊಳ್ಳುವ ಹೆಣ್ಣು ಮರಿಗಳು ಕಟಾಡಿನ್ ಟಗರಿಗೇ ಹುಟ್ಟಬೇಕು.