ಕೇಳಬೇಕಾದ ಒಂದೇ ಪ್ರಶ್ನೆ: ದಾವಣಗೆರೆಯ ವೈನ್ ಶಾಪ್ ಕೌಂಟರ್ ಹೇಗಿದೆ?

ಬ್ರಾಂದಿ ಅಂಗಡಿಯ ಗುಣ ಅಳೆಯುವವರು ಸಾಮಾನ್ಯವಾಗಿ ಮೂರು ವಿಷಯ ನೋಡುತ್ತಾರೆ: ಬೇಕಾದ ಬ್ರ್ಯಾಂಡ್ ಇದೆಯೇ, ಎಂಆರ್‌ಪಿಗೇ ಕೊಡುತ್ತಾರೆಯೇ, ಬಿಯರ್ ತಣ್ಣಗಿದೆಯೇ. ಇಲ್ಲಿ ತೂಗಿರುವುದು ಯಾರೂ ನೋಡದ ನಾಲ್ಕನೆಯದನ್ನು. ಕೌಂಟರಿನ ಮುಂದೆ ನಿಂತ ಹುಡುಗನ ವಯಸ್ಸನ್ನು ಒಳಗಿರುವವರು ಕೇಳುತ್ತಾರೆಯೇ? ಕೇಳುವುದು ಅಂಗಡಿಯವರ ಔದಾರ್ಯವಲ್ಲ, ಎಳೆಯರಿಗೆ ಮಾರದಿರುವುದು ಲೈಸೆನ್ಸಿನ ಷರತ್ತು.

ಮಾರ್ಕ್ಸ್ ಮೊದಲೇ ಹೇಳಿಬಿಡೋಣ. ದಾವಣಗೆರೆಯ ಸಾಮಾನ್ಯ ವೈನ್ ಶಾಪಿಗೆ ಸರಕಿನಲ್ಲಿ ಐದಕ್ಕೆ ನಾಲ್ಕು, ದರದಲ್ಲಿ ಮೂರೂವರೆ, ವಯಸ್ಸಿನ ತಪಾಸಣೆಯಲ್ಲಿ ಒಂದು. ಆ ಒಂದೂ ಗೋಡೆಗೆ ಹೊಡೆದಿರುವ ‘21 ವರ್ಷದೊಳಗಿನವರಿಗೆ ಮದ್ಯ ಮಾರುವುದಿಲ್ಲ’ ಬೋರ್ಡಿಗೆ ಕೊಟ್ಟದ್ದು.

ಬೋರ್ಡಿನ ಆ ಸಂಖ್ಯೆಗೂ ಒಂದು ಕಥೆಯಿದೆ. 1965ರ ಕರ್ನಾಟಕ ಅಬಕಾರಿ ಕಾಯ್ದೆಯ 36ನೇ ಕಲಂ 18 ತುಂಬದವರಿಗೆ ಮದ್ಯ ಮಾರಿದರೆ ಅಪರಾಧ ಎನ್ನುತ್ತದೆ. 1967ರಲ್ಲಿ ಬಂದ ಲೈಸೆನ್ಸುಗಳ ಸಾಮಾನ್ಯ ಷರತ್ತುಗಳ ನಿಯಮ ಅದನ್ನೇ 21 ಎನ್ನುತ್ತದೆ. ತಾಯಿ ಒಂದು ಹೇಳಿದರೆ ಮಗಳು ಇನ್ನೊಂದು ಹೇಳಿದಂತೆ. ನಿಯಮ ಬಂದ ಕಾಲಕ್ಕೆ ಮತದಾನದ ವಯಸ್ಸೂ 21 ಆಗಿತ್ತು. 61ನೇ ತಿದ್ದುಪಡಿಯಿಂದ 1989ರಲ್ಲಿ ಮತದಾನ 18ಕ್ಕೆ ಇಳಿಯಿತು, ಮದ್ಯದ ಮಿತಿ ಇದ್ದಲ್ಲೇ ಉಳಿಯಿತು. 2023ರ ಜನವರಿಯಲ್ಲಿ ಅಬಕಾರಿ ಇಲಾಖೆ ಕಾಯ್ದೆ ಮತ್ತು ನಿಯಮದ ಈ ವ್ಯತ್ಯಾಸ ಸರಿಪಡಿಸುವ ಹೆಸರಿನಲ್ಲಿ 21 ಇದ್ದದ್ದನ್ನು 18 ಮಾಡುವ ಕರಡು ಹೊರಡಿಸಿ, ಆಕ್ಷೇಪಣೆಗೆ 30 ದಿನ ಕೊಟ್ಟಿತು. ವಿರೋಧ ಎಷ್ಟು ಬಂತೆಂದರೆ ಆ ಗಡುವು ಮುಗಿಯುವ ಮೊದಲೇ ಕರಡು ವಾಪಸ್ಸಾಯಿತು. ಹೀಗಾಗಿ ಕೌಂಟರಿಗೆ ಅನ್ವಯಿಸುವ ಸಂಖ್ಯೆ ಈಗಲೂ 21. ‘ಹದಿನೆಂಟು ಆಗಿದೆ ಅಣ್ಣ, ಓಟು ಹಾಕ್ತೀನಿ’ ಎಂಬ ವಾದಕ್ಕೆ ಅಲ್ಲಿ ಬೆಲೆಯಿಲ್ಲ.

ದಾವಣಗೆರೆಯಲ್ಲಿ ಈ ಗೆರೆ ಬಹಳ ಇಕ್ಕಟ್ಟಿನ ಜಾಗದಲ್ಲಿ ಹಾದುಹೋಗುತ್ತದೆ. ವಿದ್ಯಾನಗರದಿಂದ ಹದಡಿ ರಸ್ತೆಯವರೆಗೆ ಹಾಸ್ಟೆಲ್, ಪೀಜಿಗಳೇ. ಆಚೆ ತೋಳಹುಣಸೆಯಲ್ಲಿ ವಿಶ್ವವಿದ್ಯಾನಿಲಯ. ಪಿಯುಸಿ ಮುಗಿಸಿ 18ಕ್ಕೆ ಎಂಜಿನಿಯರಿಂಗ್ ಸೇರಿದವನಿಗೆ 21 ತುಂಬುವುದು ಮೂರನೇ ವರ್ಷ ಮುಗಿಯುವ ಹೊತ್ತಿಗೆ. ಅಂದರೆ ಒಂದೇ ರೂಮಿನ ನಾಲ್ವರಲ್ಲಿ ಒಬ್ಬ ಕಾನೂನುಬದ್ಧ ಗಿರಾಕಿ, ಉಳಿದ ಮೂವರು ಅಲ್ಲ. ಮೀಸೆ ನೋಡಿ ಇದನ್ನು ಹೇಳುವುದು ಯಾರಿಂದಲೂ ಆಗದು. ಮೀಸೆ 16ಕ್ಕೂ ಬರುತ್ತದೆ, 24ಕ್ಕೂ ಬಾರದೆ ಇರುತ್ತದೆ.

ಎಲ್ಲ ಅಂಗಡಿಯೂ ಒಂದೇ ಬಗೆಯದಲ್ಲ. ಬಾಗಿಲ ಮೇಲಿನ ಬೋರ್ಡು ಓದಿದರೆ ತಿಳಿಯುತ್ತದೆ. ಸಿಎಲ್-2 ಎಂದಿದ್ದರೆ ಚಿಲ್ಲರೆ ಅಂಗಡಿ: ಸೀಲು ಒಡೆಯದ ಬಾಟಲಿ ಕೊಡಬೇಕು, ಅಲ್ಲೇ ಕುಡಿಸುವಂತಿಲ್ಲ. ಸಿಎಲ್-9 ಬಾರ್ ಅಂಡ್ ರೆಸ್ಟೋರೆಂಟ್, ಸಿಎಲ್-7 ವಸತಿ ಸಹಿತ ಹೋಟೆಲ್. ಎಂಎಸ್‌ಐಎಲ್ ಮಳಿಗೆಗಳದ್ದು ಸಿಎಲ್-11ಸಿ. ತಪಾಸಣೆಯ ದೃಷ್ಟಿಯಿಂದ ಬಾರು ತುಸು ಮೇಲು, ಏಕೆಂದರೆ ಗಿರಾಕಿ ಒಂದು ಗಂಟೆ ಎದುರಿಗೇ ಕೂತಿರುತ್ತಾನೆ, ಸಪ್ಲೈಯರ್ ಮುಖ ನೋಡುತ್ತಾನೆ, ಗಲಾಟೆಯಾದರೆ ಅಂಗಡಿಯ ಮೇಲೇ ಬರುತ್ತದೆ. ಚಿಲ್ಲರೆ ಕೌಂಟರಿನಲ್ಲಿ ಇಡೀ ವ್ಯವಹಾರ ಅರ್ಧ ನಿಮಿಷದ್ದು. ಕಬ್ಬಿಣದ ಗ್ರಿಲ್, ಅದರಲ್ಲಿ ಬಾಟಲಿ ತೂರುವಷ್ಟು ಕಿಂಡಿ. ಒಳಗಿನವನಿಗೆ ಕಾಣುವುದು ಒಂದು ಕೈ, ಒಂದು ಮೊಬೈಲು.

ಎಡವುವುದೇ ಈ ಮೊಬೈಲಿನಲ್ಲಿ. ಕ್ಯೂಆರ್ ಕೋಡನ್ನು ಗ್ರಿಲ್ಲಿನ ಹೊರಗೆ ಅಂಟಿಸಿರುತ್ತಾರೆ. ಹುಡುಗ ದರ ಕೇಳಿ, ಸ್ಕ್ಯಾನ್ ಮಾಡಿ, ದುಡ್ಡು ಹಾಕಿ, ಆಮೇಲೆ ಕಿಂಡಿಗೆ ಬರುತ್ತಾನೆ. ಡಬ್ಬಿ ‘ಹಣ ಸ್ವೀಕರಿಸಲಾಗಿದೆ’ ಎಂದು ಕೂಗಿಯೂ ಆಗಿರುತ್ತದೆ. ಈಗ ವಯಸ್ಸು ಕೇಳಿ ‘ಕೊಡಲ್ಲ’ ಎಂದರೆ ಹಣ ವಾಪಸ್ ಹಾಕಬೇಕು. ಖಾತೆ ಮಾಲೀಕರದ್ದು, ಕೌಂಟರಿನಲ್ಲಿರುವವನು ಸಂಬಳದ ಹುಡುಗ. ಹಿಂದೆ ಹತ್ತು ಜನ ‘ಬೇಗ ಕೊಡ್ರಿ’ ಅಂತಿರುತ್ತಾರೆ. ಆತ ಬಾಟಲಿ ಕೊಟ್ಟು ಸುಮ್ಮನಾಗುತ್ತಾನೆ. ನಗದಿನ ಕಾಲದಲ್ಲಿ ನೋಟನ್ನು ಕಿಂಡಿಯಿಂದ ಆಚೆ ತಳ್ಳಿದರೆ ಮುಗಿಯುತ್ತಿತ್ತು.

ಪರಿಹಾರಕ್ಕೆ ಖರ್ಚೇನೂ ಇಲ್ಲ. ಕೋಡನ್ನು ಒಳಗೆ ಇಟ್ಟುಕೊಂಡು, ವಯಸ್ಸು ನೋಡಿದ ಮೇಲೆ ಎತ್ತಿ ತೋರಿಸಬೇಕು. ಮೊದಲು ಮುಖ, ಆಮೇಲೆ ಗುರುತಿನ ಚೀಟಿ, ಆಮೇಲೆ ದುಡ್ಡು, ಕೊನೆಗೆ ಸರಕು. ಈ ಸಾಲು ತಪ್ಪಿದರೆ ಬೋರ್ಡು ಎಷ್ಟು ದೊಡ್ಡದಿದ್ದರೂ ಅಷ್ಟೇ.

ಯಾರನ್ನು ಕೇಳಬೇಕು ಎಂಬುದಕ್ಕೆ ಬ್ರಿಟನ್ನಿನ ಅಂಗಡಿಗಳ ಪದ್ಧತಿ ಇಲ್ಲಿಗೂ ಒಗ್ಗುತ್ತದೆ. ಅಲ್ಲಿ ಮಿತಿ 18, ಆದರೆ ನೋಡಲು 25ಕ್ಕಿಂತ ಚಿಕ್ಕವರೆನಿಸಿದ ಎಲ್ಲರನ್ನೂ ಕೇಳುತ್ತಾರೆ. ಅಂದಾಜು ಐದಾರು ವರ್ಷ ತಪ್ಪಿದರೂ ಕಾನೂನು ಮುರಿಯುವುದಿಲ್ಲ. ನಮ್ಮ 21ಕ್ಕೆ ಅದೇ ಲೆಕ್ಕದಲ್ಲಿ 28 ಆಗುತ್ತದೆ. ಅಷ್ಟು ದೂರ ಬೇಡವೆಂದರೂ 25 ಎಂದಿಟ್ಟುಕೊಳ್ಳಬಹುದು. ವಯಸ್ಸು ಕೂಡಿ ಕಳೆಯುವ ಲೆಕ್ಕವನ್ನು ರಾತ್ರಿ ಒಂಬತ್ತರ ನೂಕುನುಗ್ಗಲಿನಲ್ಲಿ ಮಾಡಿಸಬಾರದು. ಬೆಳಿಗ್ಗೆ ಅಂಗಡಿ ತೆಗೆದಾಗಲೇ ಒಂದು ಚೀಟಿ ಬರೆದು ಒಳಗೆ ಅಂಟಿಸಬೇಕು. 2026ರ ಮಾರ್ಚ್ 1 ಆದರೆ ‘1-3-2005 ಅಥವಾ ಅದಕ್ಕೂ ಮೊದಲು ಹುಟ್ಟಿದವರು’ ಎಂದು. ಕಾರ್ಡಿನ ತಾರೀಕನ್ನು ಚೀಟಿಗೆ ಹೋಲಿಸಿದರೆ ಸಾಕು.

ಕಾರ್ಡುಗಳಲ್ಲಿ ಡ್ರೈವಿಂಗ್ ಲೈಸೆನ್ಸ್ ಎಲ್ಲಕ್ಕಿಂತ ಸಲೀಸು: ಫೋಟೊ, ಹುಟ್ಟಿದ ತಾರೀಕು ಎರಡೂ ಸ್ಪಷ್ಟ. ಹಳೆಯ ಆಧಾರ್ ಕಾರ್ಡು ಕೆಲವದರಲ್ಲಿ ಹುಟ್ಟಿದ ವರ್ಷ ಮಾತ್ರ ಇರುತ್ತದೆ. ಆ ವರ್ಷ 21ರ ಗಡಿಯದೇ ಆಗಿದ್ದರೆ ಬೇರೆ ಕಾರ್ಡು ಕೇಳಬೇಕು. ಆಧಾರ್ ಸಂಖ್ಯೆ ಮುಚ್ಚಿ ತೋರಿಸಿದರೆ ತಕರಾರು ಬೇಡ, ಅಂಗಡಿಗೆ ಬೇಕಾದ್ದು ತಾರೀಕು ಮತ್ತು ಮುಖ, ಸಂಖ್ಯೆಯಲ್ಲ. ಜೆರಾಕ್ಸ್ ಇಟ್ಟುಕೊಳ್ಳುವುದು, ಫೋಟೊ ಹೊಡೆದುಕೊಳ್ಳುವುದು ಬೇಡವೇ ಬೇಡ. ಕಾಲೇಜಿನ ಐಡಿ ಕಾರ್ಡು ನಡೆಯಬಾರದು, ಅದು ಓದುವ ಕೋರ್ಸಿಗೆ ಸಾಕ್ಷಿ, ವಯಸ್ಸಿಗಲ್ಲ. ಮೊಬೈಲಿನಲ್ಲಿ ತೋರಿಸುವವರಿಂದ ಗ್ಯಾಲರಿಯ ಸ್ಕ್ರೀನ್‌ಶಾಟ್ ಒಪ್ಪಬಾರದು. ಅದರಲ್ಲಿ 2007 ಅನ್ನು 2001 ಮಾಡಲು ಎರಡು ನಿಮಿಷ ಸಾಕು. ಡಿಜಿಲಾಕರ್ ಆ್ಯಪ್ ಅನ್ನೇ ಎದುರಿಗೆ ತೆರೆಸಬೇಕು. ಅದರೊಳಗಿನ ದಾಖಲೆಗೆ ಮೂಲದಷ್ಟೇ ಮಾನ್ಯತೆಯಿದೆ. ಅನುಮಾನ ಉಳಿದರೆ ಆಧಾರಿನ ಕ್ಯೂಆರ್ ಅನ್ನು ಪ್ರಾಧಿಕಾರದ ಆ್ಯಪಿನಲ್ಲಿ ಸ್ಕ್ಯಾನ್ ಮಾಡಿದರೆ ನಿಜವಾದ ತಾರೀಕು ಹೊರಬೀಳುತ್ತದೆ. ಶನಿವಾರ ರಾತ್ರಿ ಯಾವ ಅಂಗಡಿಯೂ ಇಷ್ಟೆಲ್ಲ ಮಾಡುವುದಿಲ್ಲ, ಒಪ್ಪೋಣ. ಆದರೆ ‘ಎಷ್ಟ್ ವರ್ಷಾನಪ್ಪಾ, ಕಾರ್ಡ್ ತೋರ್ಸು’ ಎಂದು ಬಾಯಿಬಿಟ್ಟು ಕೇಳಿದರೇ ಅರ್ಧ ಹುಡುಗರು ಅಲ್ಲಿಂದ ಜಾರುತ್ತಾರೆ.

ಇನ್ನರ್ಧ ಜಾರುವುದಿಲ್ಲ, 22ರ ದೊಡ್ಡವನನ್ನು ಕಳಿಸುತ್ತಾರೆ. ಯಾವ ಕಾರ್ಡೂ ಇದನ್ನು ಹಿಡಿಯದು, ಕಣ್ಣೇ ಹಿಡಿಯಬೇಕು. ಕೌಂಟರಿನಲ್ಲಿ ಒಬ್ಬ, ಎದುರಿನ ಮರದಡಿ ಎರಡು ಬೈಕು, ಕೇಳುವುದು ಐದು ಸ್ಟ್ರಾಂಗ್ ಬಿಯರ್, ಜೊತೆಗೆ ಪಕ್ಕದ ಡಬ್ಬಿ ಅಂಗಡಿಯಲ್ಲಿ ಐದು ಪ್ಲಾಸ್ಟಿಕ್ ಲೋಟ. ಕೌಂಟರಿನಲ್ಲಿ ವರ್ಷಗಟ್ಟಲೆ ನಿಂತವನಿಗೆ ಈ ಲೆಕ್ಕ ಹೇಳಿಕೊಡಬೇಕಿಲ್ಲ. ಕೇಳದಿರುವುದು ಗೊತ್ತಿಲ್ಲದ್ದಕ್ಕಲ್ಲ.

ಸರಕಿನ ಬಗ್ಗೆಯೂ ಹೇಳಬೇಕು, ಏಕೆಂದರೆ ಎಳೆಯರ ಕೈಗೆ ಹೆಚ್ಚಾಗಿ ಹೋಗುವುದು ಎರಡೇ ಬಗೆ: 90 ಎಂಎಲ್‌ನ ಪ್ಯಾಕೆಟ್ಟು ಮತ್ತು 650 ಎಂಎಲ್‌ನ ಸ್ಟ್ರಾಂಗ್ ಬಿಯರು. ‘ಬಿಯರ್ ತಾನೇ’ ಎನ್ನುವ ಸಮಾಧಾನ ಲೆಕ್ಕದಲ್ಲಿ ನಿಲ್ಲುವುದಿಲ್ಲ. ವಿಸ್ಕಿ, ರಮ್, ಬ್ರಾಂದಿಯಲ್ಲಿ ಆಲ್ಕೋಹಾಲ್ ಶೇ 42.8. ಹಾಗಾಗಿ 30 ಎಂಎಲ್‌ನ ಒಂದು ಪೆಗ್ಗಿನಲ್ಲಿ ಸುಮಾರು 10 ಗ್ರಾಂ, ನೈಂಟಿಯಲ್ಲಿ 30 ಗ್ರಾಂ, ಕ್ವಾರ್ಟರಿನಲ್ಲಿ 60ರ ಮೇಲೆ. ಶೇ 7ರಿಂದ 8ರ ಸ್ಟ್ರಾಂಗ್ ಬಿಯರಿನ ಒಂದು ದೊಡ್ಡ ಬಾಟಲಿಯಲ್ಲಿ 36ರಿಂದ 41 ಗ್ರಾಂ. ಒಂದು ನೈಂಟಿಗಿಂತ ಜಾಸ್ತಿ! ಶೇ 5ರ ಮೈಲ್ಡ್‌ನ 330 ಎಂಎಲ್ ಆದರೆ 13 ಗ್ರಾಂ.

60 ಕೆಜಿ ತೂಕದ ಹುಡುಗ ಖಾಲಿ ಹೊಟ್ಟೆಯಲ್ಲಿ ಒಂದು ಸ್ಟ್ರಾಂಗ್ ಬೇಗ ಮುಗಿಸಿದರೆ ರಕ್ತದಲ್ಲಿ 100 ಎಂಎಲ್‌ಗೆ 90ರಿಂದ 100 ಮಿಲಿಗ್ರಾಂ ಏರಬಹುದು. ಮೋಟಾರು ವಾಹನ ಕಾಯ್ದೆಯ 185ನೇ ಕಲಂನ ಮಿತಿ 30. ಇಳಿಯುವುದು ಗಂಟೆಗೆ ಸುಮಾರು 15ರಂತೆ, ಅಂದರೆ ಆ ಮಿತಿಗೆ ಬರಲು ನಾಲ್ಕು ಗಂಟೆಯ ಮೇಲೆ. ಮಂಡಕ್ಕಿ ಮಿರ್ಚಿ ತಿಂದರೂ ಇಳಿಯದು, ನಿಂಬೆಹಣ್ಣು ಹಿಂಡಿ ಕುಡಿದರೂ ಇಳಿಯದು. ಮೊದಲೇ ಹೊಟ್ಟೆ ತುಂಬಿದ್ದರೆ ಏರುವುದು ನಿಧಾನ, ಅಷ್ಟೇ. ಆ ನಾಲ್ಕು ಗಂಟೆಯೊಳಗೆ ಬೈಕು ಹತ್ತಿ ರಾಷ್ಟ್ರೀಯ ಹೆದ್ದಾರಿ 48ರ ಸರ್ವಿಸ್ ರಸ್ತೆಗೆ ಇಳಿಯುವುದೇ ರೂಢಿ. ಮೊದಲ ಸಲ ಸಿಕ್ಕಿಬಿದ್ದರೆ ₹10,000 ದಂಡ ಇಲ್ಲವೇ ಆರು ತಿಂಗಳವರೆಗೆ ಸೆರೆ, ಎರಡೂ ಆಗಬಹುದು.

ಹಾಗಾದರೆ 18ಕ್ಕೆ ಇಳಿಸಬೇಕೇ? ಪರವಾಗಿರುವವರ ಬಲವಾದ ಮಾತು ಇದು: ಯಾರೂ ಪಾಲಿಸದ ಮಿತಿಗಿಂತ ಪಾಲಿಸಬಹುದಾದ ಮಿತಿ ಮೇಲು. ಮಾತು ಸರಿ. ಆದರೆ ಕೌಂಟರಿನಲ್ಲಿ ಇಳಿಯುವುದು ಸಂಖ್ಯೆಯೇ ಹೊರತು ಅಭ್ಯಾಸವಲ್ಲ. ಕಣ್ಣಳತೆಯಲ್ಲಿ ಮಾರುವವನು 21ರ ಮಿತಿಯಿದ್ದಾಗ 18ರವನಿಗೆ ಕೊಡುತ್ತಾನೆ, 18ರ ಮಿತಿಯಿದ್ದಾಗ 15ರವನಿಗೆ ಕೊಡುತ್ತಾನೆ. 18ರವನೇ ಕಾನೂನುಬದ್ಧವಾಗಿ ಕೊಂಡು ತಂದಾಗ ಹಂಚಿಕೊಳ್ಳುವ ಗೆಳೆಯರು ದ್ವಿತೀಯ ಪಿಯುಸಿಯವರು. 18ರೊಳಗಿನವರಿಗೆ ಕೊಟ್ಟರೆ ಬಾಲನ್ಯಾಯ ಕಾಯ್ದೆಯ 77ನೇ ಕಲಂ ಬೀಳುತ್ತದೆ: ಏಳು ವರ್ಷದವರೆಗೆ ಕಠಿಣ ಶಿಕ್ಷೆ, ಒಂದು ಲಕ್ಷದವರೆಗೆ ದಂಡ. ಈಗ 18ಕ್ಕೂ 21ಕ್ಕೂ ನಡುವಿರುವ ಮೂರು ವರ್ಷ ಅಂಗಡಿಯವನಿಗೆ ಆ ಕಲಂನಿಂದ ದೂರವಿರಿಸುವ ಅಂಚು. ಇಳಿಸಿದರೆ ಒಂದು ತಪ್ಪಂದಾಜು ನೇರ ಅಲ್ಲಿಗೇ ಹೋಗುತ್ತದೆ. ಅಂಗಡಿ ಮಾಲೀಕರೇ ಇಳಿಕೆಯನ್ನು ವಿರೋಧಿಸಬೇಕಿತ್ತು, ಲೆಕ್ಕ ಹಾಕಿದ್ದರೆ.

ಬೇರೆ ಕಡೆ ನೋಡಿದರೆ ಪುದುಚೇರಿ, ಹಿಮಾಚಲದಲ್ಲಿ 18 ಇದೆ, ಕೇರಳ 23, ದೆಹಲಿ 25. ಇವುಗಳಿಂದ ಯಾವ ಪಾಠವೂ ನೇರವಾಗಿ ಸಿಗದು. ಕೇಳುವ ಕೌಂಟರು ಎಲ್ಲಿದೆ, ಕೇಳದ್ದು ಎಲ್ಲಿದೆ ಎಂಬುದು ಆ ಸಂಖ್ಯೆಗಳಲ್ಲಿ ಇಲ್ಲ.

ಕೌಂಟರೇ ಇಲ್ಲದ ಮಾರಾಟದ ಮುಂದೆ ಈ ಚರ್ಚೆಯೂ ಸಣ್ಣದು. ದಾವಣಗೆರೆ, ಚಿತ್ರದುರ್ಗ ಎರಡೂ ಜಿಲ್ಲೆಯ ಹಳ್ಳಿಗಳಲ್ಲಿ ಕಿರಾಣಿ ಅಂಗಡಿ, ಗೂಡಂಗಡಿ, ಕೆಲವು ಮನೆಗಳೂ ನೈಂಟಿ ಪ್ಯಾಕೆಟ್ಟಿನ ಉಪಶಾಖೆಗಳೇ. ಒಡೆಯದು, ಸದ್ದು ಮಾಡದು, ಜೀನ್ಸಿನ ಜೇಬಿನಲ್ಲಿ ಕೂರುತ್ತದೆ, ಹಲ್ಲಿನಲ್ಲಿ ಕಚ್ಚಿ ಬಿಚ್ಚಬಹುದು. ಪಟ್ಟಣದ ಅಂಗಡಿಯಿಂದ ಬಾಕ್ಸಿನಲ್ಲಿ ಬಂದು ಎಂಆರ್‌ಪಿ ಮೇಲೆ ಹತ್ತು–ಇಪ್ಪತ್ತು ಕೂಡಿ ಹೋಗುತ್ತದೆ. ಪೊಲೀಸರು ಕೇಸು ಹಾಕಿದಾಗ ಸಾಮಾನ್ಯವಾಗಿ ಸಾರ್ವಜನಿಕ ಜಾಗದಲ್ಲಿ ಕುಡಿಯಲು ಬಿಟ್ಟದ್ದಕ್ಕೆ ಅಬಕಾರಿ ಕಾಯ್ದೆಯ 15(ಎ), 32(3)ನೇ ಕಲಂ; ಜಪ್ತಿಯಾದದ್ದು ಒಂದಿಷ್ಟು ಪ್ಯಾಕೆಟ್, ಪ್ಲಾಸ್ಟಿಕ್ ಲೋಟ, ನೀರಿನ ಪಾಕೀಟು. ಬೋರ್ಡಿಲ್ಲದ ಈ ಅಂಗಡಿಗೆ 18 ಆದರೇನು, 21 ಆದರೇನು. ಇಲ್ಲಿ ತಪಾಸಣೆಗೆ ಸೊನ್ನೆ.

ದೂರು ಕೊಡುವವರಿಗೆ: ‘ಹುಡುಗರಿಗೆ ಮಾರುತ್ತಾರೆ’ ಎಂಬ ಒಂದು ಸಾಲಿನ ಅರ್ಜಿ ಫೈಲಿನಲ್ಲೇ ಮಲಗುತ್ತದೆ. ಬೋರ್ಡಿನ ಮೇಲಿನ ಲೈಸೆನ್ಸ್ ಸಂಖ್ಯೆ ಮತ್ತು ಬಗೆ, ತಾರೀಕು, ಗಂಟೆ, ಮಾರಿದ ಸರಕು ಇಷ್ಟನ್ನು ಬರೆದು ವಲಯದ ಅಬಕಾರಿ ನಿರೀಕ್ಷಕರಿಗೆ ಕೊಟ್ಟು, ಒಂದು ಪ್ರತಿ ಜಿಲ್ಲೆಯ ಅಬಕಾರಿ ಉಪ ಆಯುಕ್ತರ ಕಚೇರಿಗೆ ಹಾಕಿ, ಎರಡರಲ್ಲೂ ಸ್ವೀಕೃತಿ ಮುದ್ರೆ ಪಡೆಯಬೇಕು. ಹುಡುಗರ ಮುಖದ ವಿಡಿಯೊ ತೆಗೆದು ಹಂಚಬಾರದು, ಅದು ಬೇರೆಯದೇ ತೊಂದರೆ ತರುತ್ತದೆ. ಎಂಆರ್‌ಪಿಗಿಂತ ಹೆಚ್ಚು ಕಿತ್ತಿದ್ದರೆ ಅದು ಪ್ರತ್ಯೇಕ ದೂರು. ಬಿಲ್ ಕೇಳಿ ಪಡೆದು ಗ್ರಾಹಕ ಸಹಾಯವಾಣಿ 1915ಕ್ಕೆ ಹೇಳಬಹುದು. ಅಬಕಾರಿ ವರ್ಷ ಜುಲೈ 1ರಿಂದ ಜೂನ್ 30. ಲೈಸೆನ್ಸ್ ನವೀಕರಣದ ಕಾಗದಗಳು ಓಡಾಡುವ ಮೇ–ಜೂನ್ ಹೊತ್ತಿಗೆ ಮುದ್ರೆ ಬಿದ್ದ ಎರಡು ದೂರು ಅದೇ ಮೇಜಿನ ಮೇಲಿದ್ದರೆ, ಕ್ಯೂಆರ್ ಕೋಡು ಗ್ರಿಲ್ಲಿನ ಒಳಗೆ ಹೋಗುವ ಸಾಧ್ಯತೆ ಹೆಚ್ಚು.